ರಫು ಅಕ್ಕನ ಗೋಡೆ

ಹರಿದ ಬಟ್ಟೆಗೆ ತೇಪೆ ಹಾಕುವವರು ಬೀದಿಗೆ ನಾಲ್ಕು ಜನ ಸಿಗುತ್ತಾರೆ. ಹರಿದೇ ಇರಲಿಲ್ಲ ಅನ್ನಿಸುವಂತೆ ಮಾಡುವವರು ಇಡೀ ಊರಿಗೆ ಒಬ್ಬರು ಸಿಕ್ಕರೆ ಪುಣ್ಯ. ಇದು ಅಂಥ ಒಬ್ಬಳ ಕತೆ. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವಳಿಗೆ ಇತ್ತು. ಅದು ಈಗ ಉಳಿದಿರುವುದು ಕೋರ್ಟಿನ ಕಾಗದದಲ್ಲಿ ಮಾತ್ರ, ಅಲ್ಲಿಯೂ ಒಂದಕ್ಷರ ತಪ್ಪಾಗಿ. ಮಿಕ್ಕವರಿಗೆಲ್ಲ ಅವಳು ರಫು ಅಕ್ಕ.

ರಫು ಅಂದರೆ ಸುಮ್ಮನೆ ಹೊಲಿಗೆಯಲ್ಲ. ಬಟ್ಟೆಯ ಒಳಮಡಿಕೆಯಿಂದ, ಯಾರ ಕಣ್ಣಿಗೂ ಬೀಳದ ಕಡೆಯಿಂದ, ಎಳೆ ಬಿಡಿಸಿಕೊಳ್ಳಬೇಕು. ಆ ಎಳೆಯನ್ನು ಹರಿದ ಜಾಗದಲ್ಲಿ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಒಂದು ಬಿಟ್ಟು ಒಂದು ಎತ್ತಿ ಹಾಯಿಸುತ್ತ ಅಷ್ಟು ಬಟ್ಟೆಯನ್ನು ಹೊಸದಾಗಿ ನೇಯಬೇಕು. ಬೆರಳಗಲದ ತೂತಿಗೆ ಅರ್ಧ ದಿನ ಹಿಡಿಯುತ್ತದೆ. ಗಂಡ ಕಲಿಸಿದ ಕೆಲಸ. ಅವನು ಹೋಗಿ ಹದಿನಾಲ್ಕು ವರ್ಷವಾಯಿತು. ಕೆಲಸದ ಜೊತೆ ಅವನು ಎರಡು ಕಟ್ಟಳೆಯನ್ನೂ ಬಿಟ್ಟುಹೋಗಿದ್ದ. ಒಂದು, ಕೆಲಸ ಮುಗಿದ ಮೇಲೆ ಹರಿದ ಜಾಗ ರಫು ಮಾಡಿದವರ ಕಣ್ಣಿಗೂ ಸಿಗಬಾರದು. ಎರಡು, ಯಾರ ಬಟ್ಟೆ ಎಲ್ಲಿ ಹರಿದಿತ್ತು ಎಂದು ಸತ್ತರೂ ಬಾಯಿ ಬಿಡಬಾರದು. ಮದುವೆಯ ಕೋಟಿಗೆ ರಫು ಹಾಕಿಸಿದವನು ಮದುವೆಮನೆಯಲ್ಲಿ ಎದುರಾದರೆ, ಅವನನ್ನು ಮೊದಲ ಸಲ ನೋಡಿದಂತೆ ನಿಲ್ಲಬೇಕು.

ಅಕ್ಕನ ಬದುಕೆಲ್ಲ ನಿಂತಿದ್ದು ಒಂದು ಕಿಟಕಿಯ ಮೇಲೆ. ಮೂರು ಮಹಡಿಯ ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ ಎರಡು ಕೋಣೆ, ಮುಂದಿನ ಕೋಣೆಗೆ ಉತ್ತರದ ಕಡೆ ಆಳುದ್ದದ ಕಿಟಕಿ. ಉತ್ತರದ ಬೆಳಕು ಕುಣಿಯುವುದಿಲ್ಲ, ಕಣ್ಣು ಕುಕ್ಕುವುದಿಲ್ಲ. ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಒಂದೇ ಸಮ ಇರುತ್ತದೆ. ದೀಪದ ಬೆಳಕಿನಲ್ಲಿ ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಐವತ್ತೆಂಟು ದಾಟಿದ ಕಣ್ಣಿಗಂತೂ ಕಪ್ಪು ಬಟ್ಟೆಯ ಮೇಲೆ ಕಪ್ಪು ಎಳೆ ಕಾಣಬೇಕಾದರೆ ಆ ಕಿಟಕಿಯೇ ಬೇಕು. ಇಪ್ಪತ್ತಾರು ವರ್ಷ ಅವಳು ಆ ಕಿಟಕಿಯ ಕೆಳಗೆ, ಕಾಲು ಕುಂಟುವ ಒಂದು ಕುರ್ಚಿಯಲ್ಲಿ ಕೂತಿದ್ದಾಳೆ. ಆ ಕಿಟಕಿ ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಅನ್ನ ಹೋಯಿತು. ಲೆಕ್ಕ ಅಷ್ಟು ಸಲೀಸು.

ಜೊತೆಗಿದ್ದವರು ಅತ್ತಿಗೆ, ಗಂಡನ ಅಕ್ಕ. ಮದುವೆಯಾಗದೆ ಉಳಿದವರು, ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಊರಿನವರ ಮಾತನ್ನು ಅತ್ತಿಂದಿತ್ತ ಸೇರಿಸಿದವರು. ಮಂಡಿ ಹಿಡಿದುಕೊಂಡಿತ್ತು, ನಾಲಿಗೆ ಮಾತ್ರ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಅಕ್ಕ ದಿನಕ್ಕೆ ಹತ್ತು ಮಾತಾಡಿದರೆ ಅತ್ತಿಗೆ ಉಳಿದದ್ದನ್ನೆಲ್ಲ ಆಡಿ ಮುಗಿಸುತ್ತಿದ್ದರು. ಇಬ್ಬರಿಗೂ ಹೊಂದಿಕೊಂಡಿತ್ತು.

ಈಗ ಗೋಡೆಯ ವಿಷಯಕ್ಕೆ ಬರೋಣ. ಹನ್ನೊಂದು ವರ್ಷದ ಹಿಂದೆ ಪಕ್ಕದ ನಿವೇಶನದಲ್ಲಿ ಪಾಯ ತೋಡಿದರು. ತೋಡಿದ ವಾರದಲ್ಲೇ ಇವರ ಕಿಟಕಿಯ ಕೆಳಮೂಲೆಯಿಂದ ನೆಲದವರೆಗೆ ಗೋಡೆ ಬಿರಿಯಿತು. ಮೊದಲು ಕೂದಲೆಳೆಯಷ್ಟು, ಆಮೇಲೆ ಬೆರಳು ತೂರುವಷ್ಟು. ಆಗಿನ ಮಾಲೀಕ, ಮುದುಕ, ಬಾಯಿತುಂಬ ಮಾತಾಡುವವನು. ಹೇಳಿದಾಗಲೆಲ್ಲ ಮಾಡಿಸೋಣಮ್ಮ, ಖಂಡಿತ ಮಾಡಿಸೋಣ ಎನ್ನುತ್ತಿದ್ದ. ಹಾಗನ್ನುತ್ತಲೇ ಎರಡು ವರ್ಷ ದೂಡಿದ. ಒಂದು ದಿನ ಕೋಟು ಕೊಡಲು ಬಂದ ಗಿರಾಕಿಯೊಬ್ಬ ಬಿರುಕನ್ನು ನೋಡಿದ, ಅಕ್ಕನನ್ನು ನೋಡಿದ, ನಿಮ್ಮ ಗೋಡೆಗೂ ಒಂದು ರಫು ಹಾಕಬಾರದೇ ಎಂದು ನಕ್ಕ. ಅಕ್ಕನೂ ಜೊತೆಗೆ ನಕ್ಕಳು. ಆದರೆ ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ. ಹರಿದ ಗೋಡೆಯ ಕೆಳಗೆ ಕೂತ ರಫುಗಾರ್ತಿಯ ಕೈಗೆ ಯಾರು ತಾನೇ ನಂಬಿ ಬಟ್ಟೆ ಕೊಟ್ಟಾರು?

ಹಾಕಿಯೇಬಿಟ್ಟಳು. ಬಿರುಕಿನ ಎರಡು ದಡಕ್ಕೂ ಗಿರಾಕಿಗಳ ಬಟ್ಟೆಯಲ್ಲಿ ಉಳಿದ ಎಳೆಗಳನ್ನು ಅಡ್ಡ ಅಡ್ಡವಾಗಿ ಅಂಟಿನಲ್ಲಿ ಅದ್ದಿ ಬಿಗಿದಳು. ಅದರ ಮೇಲೆ ತೆಳು ಮಲ್ಲು ಬಟ್ಟೆಯ ಪಟ್ಟಿ, ಪಟ್ಟಿಯ ಮೇಲೆ ಗಂಜಿ ಕಲಸಿದ ಸುಣ್ಣ, ಸುಣ್ಣದ ಮೇಲೆ ಇನ್ನೊಂದು ಪಟ್ಟಿ. ಕೊನೆಯ ಪದರಕ್ಕೆ ಚಹಾದ ನೀರು ಬೆರೆಸಿ ಹಳೇ ಗೋಡೆಯ ಬಣ್ಣ ತಂದಳು. ಉದ್ದಕ್ಕೂ ಬೆರಳಿನಿಂದ ಸವರಿ ಸವರಿ ಹಳೇ ಗೋಡೆಯ ಉಬ್ಬುತಗ್ಗು ಕೂಡ ಕೂರಿಸಿದಳು. ಪ್ರತಿ ವರ್ಷ ಎಲ್ಲಾದರೂ ಸ್ವಲ್ಪ ಬಾಯಿ ಬಿಡುತ್ತಿತ್ತು, ಪ್ರತಿ ವರ್ಷ ಮುಚ್ಚುತ್ತಿದ್ದಳು. ಅದನ್ನು ಅವಳು ರಿಪೇರಿ ಎಂದುಕೊಳ್ಳಲೇ ಇಲ್ಲ, ಮನೆ ಗುಡಿಸುವ ಹಾಗೆ ಅದೂ ಒಂದು ಕೆಲಸ ಎಂದುಕೊಂಡಳು.

ಮುದುಕ ಸತ್ತ. ಕಟ್ಟಡ ಅಳಿಯನ ಕೈಗೆ ಬಂತು. ಅಳಿಯ ಒಂದು ಬೆಳಗ್ಗೆ ಟೇಪು ಹಿಡಿದುಕೊಂಡು ಬಂದು, ಕೋಣೆ ಅಳೆದು, ಕಿಟಕಿ ಅಳೆದು, ಗೋಡೆಗೆ ಬೆನ್ನು ಆನಿಸಿ ನಿಂತು, ಮನೆ ಬಹಳ ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದ. ಅಕ್ಕ ಹಿಗ್ಗಿ ಅವನಿಗೆ ಚಹಾ ಮಾಡಿಕೊಟ್ಟಳು. ಸಕ್ಕರೆ ಬೇರೆ ಎರಡು ಚಮಚ. ಅದನ್ನು ನೆನೆದರೆ ಅವಳಿಗೆ ಇವತ್ತಿಗೂ ಮೈ ಉರಿಯುತ್ತದೆ.

ಹದಿನೈದು ದಿನಕ್ಕೆ ನೋಟಿಸು ಬಂತು. ಬಾಡಿಗೆ ಒಂದೂಮುಕ್ಕಾಲು ಪಟ್ಟು. ಕಾರಣ ಎಂಬಲ್ಲಿ ಬರೆದಿತ್ತು: ಸುಧಾರಿಸಿದ ಮನೆ. ಅತ್ತಿಗೆ ಕನ್ನಡಕ ಹಾಕಿಕೊಂಡು ಓದಿದರು, ಕನ್ನಡಕ ತೆಗೆದು ಮತ್ತೊಮ್ಮೆ ಓದಿದರು. ಸುಧಾರಿಸಿದ್ದು ಯಾರು, ಇವನ ತಾತನೇ ಎಂದು ಕೇಳಿದರು. ಅತ್ತಿಗೆಯ ಪಿಂಚಣಿ, ಅಕ್ಕನ ಸೂಜಿ ಎರಡೂ ಸೇರಿದರೂ ಅಷ್ಟು ಬಾಡಿಗೆ ಏಳುವ ಮಾತೇ ಇರಲಿಲ್ಲ.

ಕೆಳಗಡೆ ಅಂಗಡಿಯಿಟ್ಟಿದ್ದ ಗಡಿಯಾರ ರಿಪೇರಿಯವನಿಗೆ ಕಾನೂನು ಸ್ವಲ್ಪ ಗೊತ್ತಿತ್ತು, ಅವನೂ ಒಂದು ಸಲ ಕೈ ಸುಟ್ಟುಕೊಂಡವನೇ. ಅವನು ಹೇಳಿದ್ದಿಷ್ಟು. ಗೋಡೆ, ಸೂರು, ಪಾಯ ಇವು ಬಿರಿದು, ಮಾಲೀಕ ಅದನ್ನು ಸರಿಮಾಡಿಸದೆ ಬಿಟ್ಟಿದ್ದರೆ, ಬಾಡಿಗೆ ಒಂದು ಕಾಸೂ ಏರಿಸುವಂತಿಲ್ಲ. ವಸತಿ ಮಂಡಳಿಗೆ ಅರ್ಜಿ ಕೊಡಬೇಕು, ಅವರು ಬಂದು ನೋಡಿ ಬರೆದುಕೊಡುತ್ತಾರೆ, ಕೋರ್ಟು ಅದರ ಮೇಲೆ ತೀರ್ಪು ಕೊಡುತ್ತದೆ. ಗೋಡೆ ಬಿರಿದಿದೆ ತಾನೇ ಎಂದು ಕೇಳಿದ. ಬಿರಿದಿದೆ ಎಂದಳು ಅಕ್ಕ. ಹಾಗಿದ್ದರೆ ಗೆದ್ದಿರಿ ಬಿಡಿ ಎಂದ. ಕೇಳಿದವರಿಗೂ ಹೇಳಿದವನಿಗೂ ಅವತ್ತು ಸುಖನಿದ್ರೆ ಬಂತು.

ಆ ವಸತಿ ಮಂಡಳಿಯ ಮಾತು ಎತ್ತಿದರೆ ಬಾಯಿ ಕಹಿಯಾಗುತ್ತದೆ. ಎತ್ತದೆ ವಿಧಿಯಿಲ್ಲ. ಮೆಟ್ಟಿಲ ಮೂಲೆಯಲ್ಲೆಲ್ಲ ಉಗುಳಿನ ಕಲೆ. ಬೆಂಚು ಕೂತವರ ಬಟ್ಟೆಗೆ ಅಂಟಿಕೊಳ್ಳುತ್ತಿತ್ತು. ಮೂರನೇ ಕಿಟಕಿಯ ಗುಮಾಸ್ತ ಉಗುರು ಕತ್ತರಿಸಿಕೊಳ್ಳುತ್ತಿದ್ದ. ಒಂದು ಉಗುರು ಹಾರಿ ಅಕ್ಕನ ಅರ್ಜಿಯ ಮೇಲೆ ಬಿತ್ತು, ಅವನು ಅದನ್ನು ಊದಿ ಅಕ್ಕನ ಕಡೆಗೇ ಹಾರಿಸಿದ. ಆಮೇಲೆ ದಬ್ಬಣ ತೆಗೆದುಕೊಂಡು, ಗೋಣಿಚೀಲ ಹೊಲಿಯುವ ಆ ಗಾತ್ರದ ದಬ್ಬಣ, ಅರ್ಜಿಯನ್ನು ಕಡತಕ್ಕೆ ಸೇರಿಸಿ ಚುಚ್ಚಿದ. ಅದು ಸರಿಯಾಗಿ ಅಕ್ಕನ ರುಜುವಿನ ನಡುವೆ ತೂರಿ ಆಚೆ ಬಂತು. ನಲವತ್ತು ವರ್ಷ ಸೂಜಿ ಹಿಡಿದ ಅಕ್ಕ ಮುಖ ಆಚೆ ತಿರುಗಿಸಿದಳು.

ಮಾಲೀಕರು ಆಗಲೇ ಕೋರ್ಟಿಗೆ ಹೋಗಿದ್ದಾರೆ, ಕೋರ್ಟಿನ ಪತ್ರವಿಲ್ಲದೆ ನಾವು ಅರ್ಜಿಗೆ ನಂಬರು ಕೊಡುವ ಹಾಗಿಲ್ಲ ಎಂದ ಗುಮಾಸ್ತ. ಕೋರ್ಟಿಗೆ ಹೋದರೆ ಅಲ್ಲಿನವನು ಮಂಡಳಿಯ ನಂಬರಿಲ್ಲದೆ ಪತ್ರ ಹೇಗೆ ಕೊಡಲಿ ಎಂದ. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ, ಆರು ವಾರ ಇಬ್ಬರೂ ಕಾಲು ಸವೆಸಿದರು. ಹೋದಲ್ಲೆಲ್ಲ ಒಂದೇ ಮಾತು, ಸ್ವಲ್ಪ ತಡೀರಿ.

“ಮೂವತ್ತು ವರ್ಷ ಜನಕ್ಕೆ ತಡೀರಿ ತಡೀರಿ ಅಂದಿದ್ದೀನಲ್ಲ, ಅದರ ಸಾಲ ಈಗ ತೀರಿಸ್ತಾ ಇದ್ದೀನಿ ಕಣೇ,” ಎಂದರು ಅತ್ತಿಗೆ, ಅಂಟುಬೆಂಚಿನ ಮೇಲೆ ಮಂಡಿ ಒತ್ತಿಕೊಳ್ಳುತ್ತ.

ಕೊನೆಗೆ ದಾರಿ ಕಂಡುಕೊಂಡದ್ದೂ ಅವರೇ. ಗಡಿಯಾರದವನ ಅಂಗಡಿಯಿಂದ ಮಂಡಳಿಗೆ ಫೋನ್ ಹಚ್ಚಿದರು. ಎಕ್ಸ್‌ಚೇಂಜಿನ ಹಳೇ ದನಿಯನ್ನು ಗಂಟಲಿಗೆ ತಂದುಕೊಂಡು, ಕೋರ್ಟಿನಿಂದ ಕರೆ ಇದೆ, ಲೈನಿನಲ್ಲೇ ಇರಿ ಎಂದರು. ಎರಡು ನಿಮಿಷ ಸುಮ್ಮನೆ ಕಾಯಿಸಿದರು. ಆಮೇಲೆ ಇಂಥ ಅರ್ಜಿಯ ನಂಬರು ಹೇಳಿ ಎಂದರು. ಉಗುರಿನ ಗುಮಾಸ್ತ ಎದ್ದು ನಿಂತೇ ಹೇಳಿರಬೇಕು, ಅಷ್ಟು ಬೇಗ ನಂಬರು ಬಂತು. ಗಡಿಯಾರದವನು ನಕ್ಕು ನಕ್ಕು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ಬೀಳಿಸಿಕೊಂಡ. ಇಡೀ ಪ್ರಕರಣದಲ್ಲಿ ಅವರು ಮನಸಾರೆ ನಕ್ಕಿದ್ದು ಅದೊಂದೇ ದಿನ.

ಕೋರ್ಟಿನಲ್ಲಿ ಅಳಿಯನ ಪರ ನಿಂತ ವಕೀಲನನ್ನು ಕಂಡಾಗ ಅಕ್ಕನ ಕಣ್ಣು ಮೊದಲು ಹೋದದ್ದು ಮುಖಕ್ಕಲ್ಲ, ಕೋಟಿಗೆ. ಆ ಕರಿ ಕೋಟು ಅವಳಿಗೆ ಗೊತ್ತು. ಹಿಂದಿನ ವರ್ಷ ಅವನ ಗುಮಾಸ್ತ, ಕೊಡೆ ಊರಿಕೊಂಡು ಓಡಾಡುವ ನಡುವಯಸ್ಸಿನವನು, ಅದನ್ನು ಕಾಗದದಲ್ಲಿ ಸುತ್ತಿ ತಂದಿದ್ದ. ಎಡ ಮೊಣಕೈ ಹತ್ತಿರ ಮೊಳೆಗೆ ಸಿಕ್ಕಿ ಮೂರು ಬೆರಳಗಲ ಕಿತ್ತುಬಂದಿತ್ತು. ಅಕ್ಕ ಅದಕ್ಕೆ ಎರಡು ದಿನ ಕೂತಿದ್ದಳು. ಈಗ ಆ ತೋಳು ಅವಳ ಮುಂದೆಯೇ ಅತ್ತಿತ್ತ ಬೀಸಾಡುತ್ತ ಅವಳನ್ನೇ ಮನೆಯಿಂದ ಕಳಿಸುವ ಮಾತಾಡುತ್ತಿತ್ತು. ಅಕ್ಕ ಬಾಯಿ ಬಿಡಲಿಲ್ಲ. ಅತ್ತಿಗೆಗೂ ಹೇಳಲಿಲ್ಲ. ಕಟ್ಟಳೆ ಅಂದಮೇಲೆ ಕಟ್ಟಳೆ.

ಒಂದು ಸಲ ವಕೀಲನಿಗೆ ಕೆಮ್ಮು, ವಾಯಿದೆ. ಒಂದು ಸಲ ಕಡತ ಕಾಣಲಿಲ್ಲ, ವಾಯಿದೆ. ಇನ್ನೊಂದು ಸಲ ಕಡತ ಇತ್ತು, ನ್ಯಾಯಾಧೀಶರಿಗೆ ತರಬೇತಿ. ಮತ್ತೊಂದು ಸಲ ಎಲ್ಲರೂ ಇದ್ದರು, ಆದರೆ ಅಕ್ಕನ ಹೆಸರಿನ ತಪ್ಪಿದ ಅಕ್ಷರವನ್ನು ಹಿಡಿದುಕೊಂಡು, ಇವರೇ ಅವರು ಎನ್ನುವುದಕ್ಕೆ ದಾಖಲೆ ಏನು ಎಂದು ವಕೀಲ ಕೇಳಿದ. ಅಕ್ಷರ ತಪ್ಪಿಸಿದ್ದು ಅವನ ನೋಟಿಸೇ. ಹೀಗೆ ಏಳು ವಾಯಿದೆ. ಪ್ರತಿ ಸಲವೂ ಅಕ್ಕ ಒಂದು ದಿನದ ಬೆಳಕು ಕಳೆದುಕೊಂಡಳು. ಅವರಿಗೆ ಅದು ತಾರೀಖು, ಇವಳಿಗೆ ಒಂದು ತೋಳಿನ ಕೆಲಸ.

ಎಂಟನೆಯ ಸಲ ನ್ಯಾಯಾಧೀಶರು ತಲೆ ಎತ್ತದೆಯೇ, ಮಂಡಳಿಯವರು ಮನೆ ನೋಡಿ ವರದಿ ಕೊಡಲಿ ಎಂದರು. ಅಂತೂ ಬಂತಲ್ಲ ಎಂದು ಇಬ್ಬರೂ ನಿಟ್ಟುಸಿರುಬಿಟ್ಟರು.

ಅಧಿಕಾರಿ ಬರುವ ಹಿಂದಿನ ದಿನ ಅತ್ತಿಗೆ ಗೋಡೆಯ ಮುಂದೆ ನಿಂತು, ಆ ಪಟ್ಟಿಗಳನ್ನೆಲ್ಲ ಕಿತ್ತುಹಾಕು ಎಂದರು. ಬಿರುಕು ಬಾಯಿ ತೆರೆದುಕೊಂಡು ನಿಂತಿರಲಿ, ನೋಡಿದವನಿಗೆ ಇಲ್ಲ ಅನ್ನಲು ನಾಲಿಗೆ ಹೊರಳಬಾರದು ಎಂದರು. ಅಕ್ಕ ಕತ್ತರಿ ಕೈಗೆ ತೆಗೆದುಕೊಂಡಳು, ಕೆಳಗಿಟ್ಟಳು.

“ಬೇಡ ಅತ್ತಿಗೆ. ಕಿತ್ತು ತೋರಿಸಿದ್ರೆ ನಾವೇ ಮಾಡಿದ ಹಾಗಾಗುತ್ತೆ. ಒಳಗೆ ಬಿರುಕಿದೆ, ಮೇಲೆ ನಾನು ಮುಚ್ಚಿದ್ದೀನಿ ಅಂತ ಬಾಯಲ್ಲೇ ಹೇಳ್ತೀನಿ. ಅವರು ಗೋಡೆ ನೋಡೋರು, ಅವರಿಗೆ ಗೊತ್ತಾಗಲ್ವಾ?”

“ಅವರಿಗೆ ಗೊತ್ತಾಗೋ ಹಾಗಿದ್ರೆ ಇಷ್ಟು ದಿನ ಆಗ್ತಿತ್ತೇನೇ, ಪೆದ್ದಿ?”

ಪೆದ್ದುತನ ಅನ್ನಿ, ಪ್ರಾಮಾಣಿಕತೆ ಅನ್ನಿ, ಸ್ವಲ್ಪ ಜಂಬವೂ ಇತ್ತೆನ್ನಿ. ಹೆಣೆದ ಕೈಗೆ ಹೆಣೆದದ್ದನ್ನು ಹರಿಯಲು ಮನಸ್ಸು ಬರಲಿಲ್ಲ. ಅಷ್ಟೇ ಅಲ್ಲ, ಮನೆಗೆ ದೊಡ್ಡವರೊಬ್ಬರು ಬರುತ್ತಾರೆಂದು ಅವಳು ಬೆಳಗ್ಗೆ ಎದ್ದು ನೆಲ ಒರೆಸಿದಳು, ಕಿಟಕಿ ಗಾಜು ಉಜ್ಜಿದಳು, ಗೋಡೆಯ ಬುಡದಲ್ಲಿ ಒಂದು ಕಡೆ ಸುಣ್ಣ ಎದ್ದಿತ್ತು, ಅದನ್ನೂ ಬೆರಳಿನಿಂದ ಒತ್ತಿ ಕೂರಿಸಿದಳು. ಬೇಕೆಂದು ಮಾಡಿದ್ದಲ್ಲ, ಆ ಬೆರಳುಗಳಿಗೆ ಸುಮ್ಮನಿರಲು ಬರುತ್ತಿರಲಿಲ್ಲ.

ಬಂದವನು ಚೆನ್ನಾಗಿ ಉಂಡುಬಂದ ಮನುಷ್ಯ. ಹಲ್ಲಿನ ಸಂದಿಯಲ್ಲಿ ಕಡ್ಡಿ ಆಡಿಸುತ್ತ, ಚಪ್ಪಲಿಯಲ್ಲೇ ಒರೆಸಿದ ನೆಲದ ಮೇಲೆ ಬಂದ. ಹಿಂದೆಯೇ ಅಳಿಯ. ಅಧಿಕಾರಿಯ ಕೈಯಲ್ಲಿ ಅಚ್ಚಾದ ನಮೂನೆ ಇತ್ತು, ಗೋಡೆಯಲ್ಲಿ ಬಿರುಕು ಎಂದು ಬರೆದು ಮುಂದೆ ಇದೆ, ಇಲ್ಲ ಎಂಬ ಎರಡು ಮನೆ. ಎಲ್ಲಿದೆ ಬಿರುಕು ಎಂದು ಕೇಳಿದ.

ಇಲ್ಲಿ ಎಂದು ಅಕ್ಕ ಗೋಡೆಯ ಮೇಲೆ ಬೆರಳಿಟ್ಟಳು. ಅಲ್ಲಿರಲಿಲ್ಲ. ಒಂದು ಗೇಣು ಎಡಕ್ಕೆ ಸವರಿದಳು. ಅಲ್ಲಿಯೂ ಇರಲಿಲ್ಲ. ಬಗ್ಗಿದಳು, ಕಣ್ಣನ್ನು ಗೋಡೆಗೆ ಹತ್ತಿರ ತಂದಳು, ಆ ಒಳ್ಳೆಯ ಉತ್ತರದ ಬೆಳಕಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಹುಡುಕಿದಳು. ಹನ್ನೊಂದು ವರ್ಷದ ಬಿರುಕು ಅವಳ ಕಣ್ಣಿಗೂ ಸಿಗಲಿಲ್ಲ. ಗಂಡ ಹೇಳಿಕೊಟ್ಟ ಮೊದಲ ಕಟ್ಟಳೆಯನ್ನು ಅವಳು ಅಷ್ಟು ಚೆನ್ನಾಗಿ ಪಾಲಿಸಿದ್ದಳು. ನೋಡುತ್ತಿದ್ದ ಅಳಿಯ ತುಟಿ ಕಚ್ಚಿ ನಗು ತಡೆದುಕೊಂಡ.

ಅತ್ತಿಗೆ ತಡೆದುಕೊಳ್ಳಲಿಲ್ಲ. ಊರುಗೋಲು ಎತ್ತಿ, ಈಗ ತೋರಿಸುತ್ತೇನೆ ಎಂದು ಗೋಡೆಯ ಕಡೆ ನುಗ್ಗಿದರು. ಅಧಿಕಾರಿ ಕಡ್ಡಿ ಬಾಯಿಂದ ತೆಗೆದ.

“ಅಜ್ಜಿ, ಬಾಡಿಗೆಯವರು ಗೋಡೆ ಹಾಳು ಮಾಡಿದ್ರೆ ಅದಕ್ಕೆ ಬೇರೆ ನಮೂನೆ ಇದೆ. ಅದನ್ನೂ ತಂದಿದ್ದೀನಿ.”

ಊರುಗೋಲು ಕೆಳಗಿಳಿಯಿತು. ಅಕ್ಕ ಹೇಗೆ ಮುಚ್ಚಿದ್ದೆಂದು ಒಂದೊಂದಾಗಿ ಹೇಳಿದಳು, ಎಳೆ, ಮಲ್ಲು, ಗಂಜಿ, ಸುಣ್ಣ, ಚಹಾದ ನೀರು. ಅವನು ಅಡುಗೆ ಕೇಳುವವನಂತೆ ತಲೆಯಾಡಿಸಿದ. ಗೋಡೆಯ ಮೇಲೆ ಕೈಯಾಡಿಸಿ, ಕೆಲಸ ಮಾತ್ರ ಒಳ್ಳೇದಿದೆ ಎಂದ. ‘ಇಲ್ಲ’ ಎಂಬ ಮನೆಯಲ್ಲಿ ಗುರುತು ಹಾಕಿ, ಷರಾ ಎಂಬಲ್ಲಿ ಒಂದು ಸಾಲು ಗೀಚಿದ. ನಾಲ್ಕು ನಿಮಿಷದ ಕೆಲಸ. ಹಲ್ಲುಕಡ್ಡಿಯನ್ನು ಕಿಟಕಿಯ ದಂಡೆಯ ಮೇಲೆ, ಅಕ್ಕ ಸೂಜಿ ಚುಚ್ಚಿಡುವ ದಿಂಬಿನ ಪಕ್ಕದಲ್ಲಿಟ್ಟು ಹೋದ. ಅತ್ತಿಗೆ ಅದನ್ನು ಕಾಗದದಲ್ಲಿ ಹಿಡಿದೆತ್ತಿ ಎಸೆದು ಮೂರು ಸಲ ಕೈ ತೊಳೆದರು.

ಷರಾದಲ್ಲಿ ಏನು ಬರೆದಿದ್ದ ಎಂಬುದು ಕೋರ್ಟಿನಲ್ಲಿ ಗೊತ್ತಾಯಿತು. ‘ಗೋಡೆಯು ಇತ್ತೀಚೆಗೆ ಉತ್ತಮ ರೀತಿಯಲ್ಲಿ ದುರಸ್ತಿಗೊಂಡಿರುತ್ತದೆ.’ ವಕೀಲ ಆ ಸಾಲನ್ನು ಸಕ್ಕರೆ ಚೀಪುವಂತೆ ಎರಡು ಸಲ ಓದಿದ. ದುರಸ್ತಿ ಮಾಡಿಸಿದ್ದು ನನ್ನ ಕಕ್ಷಿದಾರರು ಎಂದು ಒಬ್ಬ ಕಂಟ್ರಾಕ್ಟರನ ಬಿಲ್ಲು ಮುಂದಿಟ್ಟ. ಸಿಮೆಂಟು ಇಷ್ಟು, ಮರಳು ಇಷ್ಟು, ಕೂಲಿ ಇಷ್ಟು. ಆ ಗೋಡೆಗೆ ಒಂದು ಚಮಚ ಸಿಮೆಂಟು ಬಿದ್ದಿಲ್ಲ. ಬಿಲ್ಲಿನ ಶಾಯಿ ಇನ್ನೂ ಹಸಿಯಾಗಿತ್ತೇನೋ, ಅಷ್ಟು ಹೊಸದು.

ನಾನೇ ಮಾಡಿದ್ದು ಎಂದಳು ಅಕ್ಕ. ನಿಮ್ಮ ಹತ್ತಿರ ಬಿಲ್ಲಿದೆಯೇ ಎಂದು ನ್ಯಾಯಾಧೀಶರು ಕೇಳಿದರು. ಇಲ್ಲ. ಫೋಟೋ? ಇಲ್ಲ. ಎಳೆ ಹಾಕಿ ಗೋಡೆ ಹೊಲಿದೆ ಅನ್ನುತ್ತೀರಿ, ಹೊಲಿಗೆ ಎಲ್ಲಿ ಕಾಣುತ್ತದೆ ಎಂದರು. ವರದಿಯಲ್ಲಿ ಅದರ ಮಾತೇ ಇಲ್ಲ ಎಂದ ವಕೀಲ, ಎಡ ತೋಳು ಬೀಸುತ್ತ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಅಕ್ಕ ಆ ತೋಳನ್ನೇ ನೋಡಿದಳು. ನಲವತ್ತು ವರ್ಷ ಕಾಪಾಡಿದ ಎರಡನೇ ಕಟ್ಟಳೆ ನೆನಪಾಯಿತು. ಕಿಟಕಿಯೂ ನೆನಪಾಯಿತು. ಹೇಳಿಬಿಟ್ಟಳು.

“ನಾನು ಮಾಡಿದ್ದು ಕಾಣಲ್ಲ ಸ್ವಾಮಿ. ಅದೇ ನನ್ನ ಕೆಲಸ. ವಕೀಲರ ಕೋಟು ಎಡ ಮೊಣಕೈ ಹತ್ರ ಮೂರು ಬೆರಳಗಲ ಹರಿದಿತ್ತು. ನಾನೇ ಮುಚ್ಚಿಕೊಟ್ಟೆ. ನೋಡಿ, ಎಲ್ಲಾದರೂ ಕಾಣುತ್ತಾ?”

ಇಡೀ ಕೋಣೆ ಆ ತೋಳಿನ ಕಡೆ ತಿರುಗಿತು. ಒಂದು ಕ್ಷಣ ಅಕ್ಕನಿಗೆ ಗೆದ್ದೆ ಅನ್ನಿಸಿತು. ವಕೀಲನ ಕಿವಿ ಕೆಂಪಗಾಯಿತು. ಬಾಗಿಲ ಹತ್ತಿರ ನಿಂತಿದ್ದ ಅವನ ಗುಮಾಸ್ತ ಕೊಡೆಯ ಹಿಡಿಕೆಯನ್ನೇ ನೋಡತೊಡಗಿದ. ಆಮೇಲೆ ವಕೀಲ ತೋಳನ್ನು ಚಾಚಿ ಹಿಡಿದ, ನಕ್ಕ.

“ಈ ಕೋಟು ಹೊಸದು ಸ್ವಾಮಿ. ಬೇಕಿದ್ರೆ ಬಿಲ್ಲು ತರಿಸ್ತೀನಿ.”

ನ್ಯಾಯಾಧೀಶರು ಅಷ್ಟು ದಿನದಲ್ಲಿ ಮೊದಲ ಸಲ ತಲೆ ಎತ್ತಿ, ಕನ್ನಡಕದ ಮೇಲಿನಿಂದ ತೋಳನ್ನು ನೋಡಿದರು. ನನಗೇನೂ ಕಾಣುತ್ತಿಲ್ಲವಲ್ಲಮ್ಮ ಎಂದರು. ಗೋಡೆ ಬಿಚ್ಚಿ ತೋರಿಸುತ್ತೇನೆ, ಯಾರಾದರೂ ಬಂದು ನೋಡಿ ಎಂದು ಅಕ್ಕ ಕೈಮುಗಿದಳು. ಮತ್ತೆ ನೋಡಬೇಕಾದರೆ ಮಂಡಳಿಯನ್ನು ಕೇಳಬೇಕು ಎಂದರು. ಮಂಡಳಿಯವರು ಕೋರ್ಟಿನ ಆದೇಶ ಕೇಳುತ್ತಾರೆ ಎಂದು ಹಿಂದಿನಿಂದ ಅತ್ತಿಗೆ ಕೂಗಿದರು. ಅವರನ್ನು ಸುಮ್ಮನಿರಿಸಿದರು. ಮಾಲೀಕರಿಂದ ಸುಧಾರಣೆ ಆಗಿದೆ, ಬಾಡಿಗೆ ಏರಿಕೆ ನ್ಯಾಯವಾದದ್ದು, ನೋಟಿಸಿನ ದಿನದಿಂದಲೇ ಕೊಡತಕ್ಕದ್ದು ಎಂದು ತೀರ್ಪಾಯಿತು. ಅದನ್ನು ಓದುತ್ತಿರುವಾಗಲೇ ಮುಂದಿನ ಪ್ರಕರಣದವರನ್ನು ಕೂಗಿ ಆಗಿತ್ತು.

ಹೊರಗೆ ಮೆಟ್ಟಿಲ ಮೇಲೆ ಅತ್ತಿಗೆ ನಿಂತು, ಥೂ ಎಂದರು. ಅಲ್ಲಿ ಉಗುಳಿನ ಕಲೆಗಳು ಯಾಕೆ ಅಷ್ಟಿವೆ ಎಂಬುದು ಅಕ್ಕನಿಗೆ ಆವತ್ತು ಅರ್ಥವಾಯಿತು. ಅವಳಿಗೆ ಅಸಹ್ಯವಾಗಿತ್ತು. ಸೋತದ್ದಕ್ಕಲ್ಲ, ಅವರ ಮುಂದೆ ಗಿರಾಕಿಯ ಗುಟ್ಟು ಬಿಟ್ಟುಕೊಟ್ಟೆನಲ್ಲ ಎಂದು ತನ್ನ ಮೇಲೆಯೇ ಅಸಹ್ಯ. ಗಡಿಯಾರದವನು ಮೇಲಿನ ಕೋರ್ಟಿಗೆ ಹೋಗಿ ಎಂದ. ಅಕ್ಕ ಬೇಡವೆಂದಳು. ಇನ್ನೂ ಎಷ್ಟು ದಿನದ ಬೆಳಕನ್ನು ಅವರ ಬೆಂಚಿಗೆ ಕೊಡಲಿ ಎಂದಳು. ಹಳೇ ಬಾಕಿಗೆ ಅತ್ತಿಗೆಯ ಎರಡು ಬಳೆ ಹೋದವು. ಏರಿದ ಬಾಡಿಗೆ ಕಟ್ಟಲಾಗದಿದ್ದರೆ ಮನೆ ಬಿಡಲು ತಿಂಗಳ ಗಡುವು ಕೊಟ್ಟಿದ್ದರು.

ಗಡುವಿನ ಕೊನೆಯ ದಿನ ಸಾಮಾನೆಲ್ಲ ಕೆಳಗಿಳಿದ ಮೇಲೆ, ಹನ್ನೊಂದು ಗಂಟೆಯ ಒಳ್ಳೆಯ ಬೆಳಕಿನಲ್ಲಿ, ಅಕ್ಕ ಬಕೆಟ್ಟಿನಲ್ಲಿ ಬಿಸಿನೀರು, ಒಂದು ಸ್ಪಂಜು, ತುದಿ ಬಾಗಿದ ಚಿಕ್ಕ ಕತ್ತರಿ ತೆಗೆದುಕೊಂಡು ಗೋಡೆಯ ಮುಂದೆ ಕೂತಳು. ಅತ್ತಿಗೆ ನೆಲದ ಮೇಲೆ ಪಕ್ಕದಲ್ಲಿ ಕೂತು ಸ್ಪಂಜು ಹಿಂಡಿ ಹಿಂಡಿ ಕೊಟ್ಟರು.

ಗಂಜಿ ನೆನೆದು ಮೆತ್ತಗಾಯಿತು. ಕಿಟಕಿಯ ಮೂಲೆಯಲ್ಲಿ ಒಂದು ತುದಿ ಸಿಕ್ಕಿತು, ಅಲ್ಲಿಂದ ಪಟ್ಟಿ ಸುಲಿದುಕೊಂಡು ಬಂತು. ಅದರ ಕೆಳಗೆ ಇನ್ನೊಂದು ವರ್ಷದ್ದು, ಅದರ ಕೆಳಗೆ ಮತ್ತೊಂದು. ನಡುನಡುವೆ ಎಳೆಗಳು, ಬೂದು, ಕಂದು, ಕಡುನೀಲಿ, ಕಪ್ಪು. ಎಲ್ಲವನ್ನೂ ಅವಳು ಹರಿಯದೆ ಸುತ್ತಿ ಸುತ್ತಿ ಉಂಡೆ ಮಾಡಿದಳು. ಕೊನೆಯದು ಬಂದಾಗ ಒಳಗಿನಿಂದ ಮಣ್ಣು ಸುರಿಯಿತು. ಬಿರುಕು ಅವಳು ತಿಳಿದಿದ್ದಕ್ಕಿಂತ ಬಹಳ ಬೆಳೆದಿತ್ತು. ಬುಡದಲ್ಲಿ ಆಚೆಯ ಬೀದಿ ಕಾಣುತ್ತಿತ್ತು, ಸೈಕಲ್ಲೊಂದು ಹೋಯಿತು. ಅತ್ತಿಗೆ ಕೈ ತೂರಿಸಿದರು, ಮಣಿಕಟ್ಟಿನವರೆಗೆ ಹೋಯಿತು. ಇಷ್ಟು ವರ್ಷ ನಾವು ನಿನ್ನ ಎಳೆಯ ಮೇಲೆ ಮಲಗಿದ್ದೆವೇನೇ ಎಂದರು.

ಬೀಗದಕೈಗೆ ಅಳಿಯನೇ ಬಂದ. ಒಳಗೆ ಕಾಲಿಟ್ಟವನು ಹಾಗೆಯೇ ನಿಂತ.

“ಇದೇನ್ರೀ ಇದು? ಯಾವಾಗ ಆಯ್ತು?”

“ಹನ್ನೊಂದು ವರ್ಷ ಆಯ್ತು,” ಎಂದಳು ಅಕ್ಕ. “ಈಗ ಕಾಣ್ತಾ ಇದೆಯಾ?”

ಅಳಿಯ ಕೂಗಾಡಿದ. ಅಧಿಕಾರಿಯನ್ನು ಕರೆಸುತ್ತೇನೆ, ಗೋಡೆ ಹಾಳುಮಾಡಿದ್ದಕ್ಕೆ ಕೇಸು ಹಾಕುತ್ತೇನೆ ಎಂದ. ಅಕ್ಕ ಉಂಡೆಯನ್ನು ಕಂಕುಳಲ್ಲಿಟ್ಟುಕೊಂಡು ನಿಧಾನವಾಗಿ ಎದ್ದಳು.

“ಹಾಕಿ. ನಿಮ್ಮ ಸಿಮೆಂಟು, ನಿಮ್ಮ ಮರಳು ನಾನು ಮುಟ್ಟಿಲ್ಲ. ಬಿಲ್ಲಲ್ಲಿ ಬರೆದಿರೋದೆಲ್ಲ ಗೋಡೆಯಲ್ಲೇ ಇರಬೇಕು, ಹುಡುಕಿಕೊಳ್ಳಿ. ನಾನು ತಗೊಂಡು ಹೋಗ್ತಿರೋದು ನನ್ನ ಎಳೆ ಅಷ್ಟೇ.”

ಅವನು ಕೇಸು ಹಾಕಲಿಲ್ಲ. ಹಾಕಿದರೆ ಮೊದಲು ಆ ಬಿಲ್ಲು ಎದ್ದು ಬರುತ್ತಿತ್ತು.

ಈಗ ಅಕ್ಕ, ಅತ್ತಿಗೆ ಇರುವುದು ಹಿಂದಿನ ಓಣಿಯ ಒಂದು ನೆಲಮಾಳಿಗೆಯಲ್ಲಿ. ಕಿಟಕಿ ಎನ್ನುವುದು ಸೂರಿನ ಹತ್ತಿರ ಒಂದು ಗೇಣಿನ ಕಂಡಿ, ಅದರಲ್ಲಿ ನಡೆದುಹೋಗುವವರ ಪಾದ ಮಾತ್ರ ಕಾಣುತ್ತದೆ. ಹಗಲೂ ಟ್ಯೂಬ್‌ಲೈಟು ಉರಿಯಬೇಕು. ತಿಳಿಬಣ್ಣದ ಅಂಗಿ, ಹೊದಿಕೆ, ಮೇಜುಬಟ್ಟೆ ಬಂದರೆ ಮಾಡುತ್ತಾಳೆ. ಊಟ ಹೇಗೋ ನಡೆಯುತ್ತದೆ.

ಹೋದ ತಿಂಗಳು ವಕೀಲನ ಗುಮಾಸ್ತ ಕೊಡೆ ಊರಿಕೊಂಡು, ಕೇಳಿಕೊಂಡು, ಹುಡುಕಿಕೊಂಡು ಬಂದ. ಕಾಗದ ಬಿಚ್ಚಿದ. ಅದೇ ಕರಿ ಕೋಟು, ಈ ಸಲ ಬಲ ಮೊಣಕೈ. ಎಷ್ಟಾದರೂ ಕೊಡುತ್ತಾರಂತೆ, ನಿಮ್ಮ ಕೈಯೇ ಆಗಬೇಕಂತೆ ಎಂದ, ಮುಖ ನೋಡದೆ. ಮೂಲೆಯಲ್ಲಿದ್ದ ಅತ್ತಿಗೆ ಊರುಗೋಲು ಹತ್ತಿರಕ್ಕೆ ಎಳೆದುಕೊಂಡರು.

ಅಕ್ಕ ಕೋಟನ್ನು ತೊಡೆಯ ಮೇಲೆ ಹರಡಿ, ಹರಿದ ಬಲ ತೋಳನ್ನು ನೋಡಿದಳು. ಎಡ ತೋಳಿನ ಮೇಲೂ ಒಮ್ಮೆ ಕಣ್ಣಾಡಿಸಿದಳು, ಏನೂ ಸಿಗಲಿಲ್ಲ. ಮಡಿಸಿ ಕಾಗದದಲ್ಲಿ ಮತ್ತೆ ಸುತ್ತಿದಳು.

“ಇದು ಹೊಸ ಕೋಟಲ್ವಾ? ಹೊಸ ಕೋಟಿಗೆ ರಫು ಯಾಕೆ? ತಗೊಂಡು ಹೋಗಿ,” ಎಂದಳು.

ಗುಮಾಸ್ತ ತಲೆತಗ್ಗಿಸಿಕೊಂಡು ಹೋದ. ಕಂಡಿಯಲ್ಲಿ ಅವನ ಪಾದ, ಕೊಡೆಯ ತುದಿ ದಾಟಿಹೋದವು. ಭೇಷ್ ಕಣೇ ಎಂದು ಅತ್ತಿಗೆ ಬೆನ್ನು ತಟ್ಟಿದರು. ಆ ಕೋಣೆಯ ಬೆಳಕಿನಲ್ಲಿ ಕಪ್ಪಿನ ಮೇಲೆ ಕಪ್ಪು ಎಳೆ ತನಗೆ ಈಗ ಕಾಣುವುದೇ ಇಲ್ಲ ಎಂಬ ಮಾತನ್ನು ಅಕ್ಕ ಗುಮಾಸ್ತನಿಗೂ ಹೇಳಿರಲಿಲ್ಲ, ಅತ್ತಿಗೆಗೂ ಹೇಳಲಿಲ್ಲ.